ಗುಳಿಗೆ ರೊಟ್ಟಿ ಬುಟ್ಟಿಯಲ್ಲಿರಲಿ: ಡಯಾಲಿಸಿಸ್‌ನವರ ರಕ್ತನಾಳಕ್ಕೆ ಸುಣ್ಣ ಕಟ್ಟುವುದನ್ನು ತಡೆಯುವ ಬಗೆ

ಎರಡು ವರ್ಷದ ಹಿಂದೆ ಅಪ್ಪ ಬಚ್ಚಲಲ್ಲಿ ಜಾರಿ ಬಲಗೈ ಊರಿದ್ದರು. ಮಣಿಕಟ್ಟು ಊದಿಕೊಂಡಿತು. ಎಲುಬು ಮುರಿದಿರಬೇಕು ಅಂತ ಎಕ್ಸ್‌ರೇ ತೆಗೆಸಿದೆವು. ಎಲುಬಿನ ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದು, "ಎಲುಬಿಗೆ ಏನೂ ಆಗಿಲ್ರಿ" ಅಂದರು. ಆಮೇಲೆ ಬೆರಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, "ಇದನ್ನ ನೋಡ್ರಿ" ಅಂದರು. ಹೆಬ್ಬೆರಳ ಕಡೆಯ ಎಲುಬಿನ ಪಕ್ಕ, ಬರೀ ಮಾಂಸ ಇರುವ ಜಾಗದಲ್ಲಿ ಎರಡು ತೆಳ್ಳನೆಯ ಬಿಳಿ ಗೆರೆ. ರೈಲು ಹಳಿಯ ಹಾಗೆ ಜೊತೆಜೊತೆಗೆ ಸಾಗಿದ್ದವು. ಅದು ರಕ್ತನಾಳ. ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣುವುದೇ ಇಲ್ಲ. ಅಪ್ಪನದು ಕಂಡಿತ್ತು. ಅದರ ಗೋಡೆಗೆ ಸುಣ್ಣ ಕಟ್ಟಿತ್ತು.

ಅಷ್ಟು ಹೊತ್ತಿಗೆ ಅಪ್ಪನಿಗೆ ಡಯಾಲಿಸಿಸ್ ಶುರುವಾಗಿ ನಾಲ್ಕು ವರ್ಷ. ಬೆಟಗೇರಿಯ ಮನೆ ಬಿಟ್ಟು ಹುಬ್ಬಳ್ಳಿಗೆ ಬಂದು, ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಓಡಾಡುತ್ತಿದ್ದೆವು. ನೀರು ಎಷ್ಟು ಕುಡಿಯಬೇಕು, ಬಾಳೆಹಣ್ಣು ಯಾಕೆ ಬೇಡ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ್ದು) ಇರುವ ಕೈಯಲ್ಲಿ ಬಿಪಿ ನೋಡಬಾರದು, ಇವೆಲ್ಲ ಗೊತ್ತಿತ್ತು. ಈ ಬಿಳಿ ಗೆರೆಯ ಬಗ್ಗೆ ಮಾತ್ರ ಒಬ್ಬರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಆ ಮೇಲೆ ಕೇಳಿ, ಓದಿ, ಕಿಡ್ನಿ ಡಾಕ್ಟರ ಬೆನ್ನು ಬಿದ್ದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಗುಳಿಗೆ, ಎಷ್ಟು ಎನ್ನುವುದು ನಿಮ್ಮ ಡಾಕ್ಟರ ತೀರ್ಮಾನ. ಮನೆಯಲ್ಲಿ ನಾವು ಮಾಡಬೇಕಾದದ್ದು ಬೇರೆಯೇ ಇದೆ, ಅದೂ ಬಹಳ ಇದೆ.

ಮೊದಲು: ಒಳಗೆ ಏನಾಗುತ್ತಿದೆ ಎಂದು ತಿಳಿದುಕೊಳ್ಳಿ

ನಾವು ತಿನ್ನುವ ಬಹುತೇಕ ಎಲ್ಲದರಲ್ಲೂ ರಂಜಕ ಇರುತ್ತದೆ. ರಿಪೋರ್ಟಿನಲ್ಲಿ ಅದನ್ನು ಫಾಸ್ಫರಸ್ ಅಂತ ಬರೆದಿರುತ್ತಾರೆ. ಜಾಸ್ತಿಯಾದದ್ದನ್ನು ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ನಿಂತ ಮೇಲೆ ಅದು ರಕ್ತದಲ್ಲೇ ಉಳಿಯುತ್ತದೆ. ಕಿಡ್ನಿ ತಯಾರಿಸುತ್ತಿದ್ದ ಕೆಲಸಕ್ಕೆ ಬರುವ ವಿಟಮಿನ್ ಡಿ ಕೂಡ ಕಡಿಮೆಯಾಗುತ್ತದೆ. ಆಗ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತವೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಮತ್ತು ರಂಜಕ ಎರಡನ್ನೂ ಕಿತ್ತು ರಕ್ತಕ್ಕೆ ತರುತ್ತದೆ. ಹೀಗೆ ಎಲುಬು ಸವೆಯುತ್ತಾ ಹೋಗುತ್ತದೆ, ರಕ್ತನಾಳ ಗಟ್ಟಿಯಾಗುತ್ತಾ ಹೋಗುತ್ತದೆ.

ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಹೊರೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಹಾಗೇ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಡಾಕ್ಟರ್ ತಿದ್ದಿದರು. ಹಂಡೆ ಸುಮ್ನೆ ಕೂತಿರುತ್ತದೆ, ರಕ್ತನಾಳಕ್ಕೆ ಜೀವವಿದೆ. ರಂಜಕ ಬಹಳ ದಿನ ಜಾಸ್ತಿ ಇದ್ದರೆ ನಾಳದ ಗೋಡೆಯ ಸ್ನಾಯುಕಣಗಳು ತಮ್ಮ ಗುಣವನ್ನೇ ಬದಲಿಸಿ ಎಲುಬಿನ ಕಣಗಳ ಹಾಗೆ ವರ್ತಿಸಲು ಶುರು ಮಾಡುತ್ತವೆ. ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಅಲ್ಲೇ ಗಟ್ಟಿಯಾಗಿ ಕೂರುತ್ತವೆ. ಮೆತ್ತಗೆ ಹಿಗ್ಗಿ ಕುಗ್ಗಬೇಕಾದ ನಾಳ ಕೊಳವೆಯ ಹಾಗೆ ಬಿಗಿಯಾಗುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ಜೋರಾಗಿ ತಳ್ಳಬೇಕಾಗುತ್ತದೆ. ಹೃದಯದ ಕವಾಟಕ್ಕೂ ಹೀಗೇ ಸುಣ್ಣ ಕಟ್ಟಬಹುದು.

ಇದು ವಯಸ್ಸಾದವರ ಕಾಯಿಲೆ ಅಂತ ಬಿಡಬೇಡಿ. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ 20ರಿಂದ 30 ವರ್ಷದ 16 ಜನರನ್ನು ನೋಡಿದ್ದರು. ಅವರಲ್ಲಿ 14 ಜನರ ಹೃದಯದ ರಕ್ತನಾಳಗಳಲ್ಲಿ ಸುಣ್ಣ ಕಂಡಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಮಾತು ಇನ್ನೊಂದಿದೆ. ಕಟ್ಟಿದ ಸುಣ್ಣವನ್ನು ಕರಗಿಸಿ ತೆಗೆಯುವ ಖಾತ್ರಿಯಾದ ಔಷಧ ಇಲ್ಲ. ಬೆಳೆಯುವುದನ್ನು ನಿಧಾನ ಮಾಡಬಹುದು, ಅಷ್ಟೇ. ಅದು ನೋಯುವುದೂ ಇಲ್ಲ. ಅದಕ್ಕೇ ನೋವು ಬರುವವರೆಗೆ ಕಾಯುವ ಹಾಗಿಲ್ಲ.

ಎರಡನೆಯದು: ರಿಪೋರ್ಟಿನಲ್ಲಿ ನಾಲ್ಕು ಸಾಲು ಹುಡುಕಿ

ತಿಂಗಳ ರಕ್ತ ಪರೀಕ್ಷೆಯ ಹಾಳೆ ಕೈಗೆ ಬಂದಾಗ ನಾವೆಲ್ಲ ಕ್ರಿಯಾಟಿನಿನ್ ಮತ್ತು ಹಿಮೋಗ್ಲೋಬಿನ್ ನೋಡಿ ಮಡಚಿಡುತ್ತೇವೆ. ಇನ್ನು ಮೇಲೆ ಫಾಸ್ಫರಸ್, ಕ್ಯಾಲ್ಸಿಯಂ, ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್), ಪಿಟಿಎಚ್ ನೋಡಿ.

ಫಾಸ್ಫರಸ್ ಆರೋಗ್ಯವಂತರಲ್ಲಿ ಡೆಸಿಲೀಟರ್‌ಗೆ ಸುಮಾರು 2.5ರಿಂದ 4.5 ಮಿಲಿಗ್ರಾಂ. ಡಯಾಲಿಸಿಸ್‌ನವರದು ಇದರ ಹತ್ತಿರಕ್ಕೆ ಬರಬೇಕು, 5.5 ದಾಟಬಾರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ರಕ್ತವನ್ನು ಡಯಾಲಿಸಿಸ್ ಶುರುವಾಗುವ ಮೊದಲೇ ತೆಗೆದಿರಬೇಕು. ಮುಗಿದ ಮೇಲೆ ತೆಗೆದರೆ ಅಂಕಿ ಕಡಿಮೆ ಬರುತ್ತದೆ, ನಾವು ಮೋಸ ಹೋಗುತ್ತೇವೆ.

ಕ್ಯಾಲ್ಸಿಯಂ ನೋಡುವಾಗ ಅಲ್ಬುಮಿನ್ ಜೊತೆಗೇ ನೋಡಬೇಕು. ಅಲ್ಬುಮಿನ್ 4ಕ್ಕಿಂತ 1 ಕಡಿಮೆ ಇದ್ದರೆ ಕ್ಯಾಲ್ಸಿಯಂಗೆ 0.8 ಸೇರಿಸಿ ಲೆಕ್ಕ ಹಾಕುತ್ತಾರೆ. ಅಂದರೆ ಹಾಳೆಯಲ್ಲಿ 9.8 ಇದ್ದು ಅಲ್ಬುಮಿನ್ 3 ಇದ್ದರೆ, ಅದು 10.6 ಇದ್ದ ಹಾಗೆ. ಸರಿ ಇದೆ ಅಂದುಕೊಂಡದ್ದು ಜಾಸ್ತಿ ಆಗಿರುತ್ತದೆ.

ಪಿಟಿಎಚ್ ಪೂರ್ತಿ ಇಳಿಯಬೇಕು ಅಂತಿಲ್ಲ. ಆರೋಗ್ಯವಂತರಿಗೆ ಲ್ಯಾಬ್ ಬರೆದಿರುವ ಮೇಲಿನ ಮಿತಿಯ 2ರಿಂದ 9 ಪಟ್ಟು ಒಳಗಿರಲಿ ಎನ್ನುವುದು ಕಿಡ್ನಿ ಕಾಯಿಲೆಗೆ ಇರುವ 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಫಾಸ್ಫರಸ್, ಕ್ಯಾಲ್ಸಿಯಂ 1ರಿಂದ 3 ತಿಂಗಳಿಗೊಮ್ಮೆ, ಪಿಟಿಎಚ್ 3ರಿಂದ 6 ತಿಂಗಳಿಗೊಮ್ಮೆ ನೋಡಿಸಬೇಕು ಎಂದೂ ಅದರಲ್ಲಿದೆ. ಒಂದು ಸಲದ ಅಂಕಿಗಿಂತ ಅದು ಏರುತ್ತಿದೆಯಾ ಇಳಿಯುತ್ತಿದೆಯಾ ಎನ್ನುವುದು ಮುಖ್ಯ. ನಾನು ಫೈಲಿನ ಮೊದಲ ಪುಟಕ್ಕೆ ಒಂದು ಹಾಳೆ ಅಂಟಿಸಿ ಇವನ್ನು ತಾರೀಖಿನ ಜೊತೆ ಬರೆಯುತ್ತೇನೆ. ಡಾಕ್ಟರಿಗೆ ಸಿಗುವುದು ಐದೇ ನಿಮಿಷ ಇರಬಹುದು. ಆ ಹಾಳೆ ಅವರ ಮುಂದಿದ್ದರೆ ಮಾತು ನೇರ ವಿಷಯಕ್ಕೆ ಬರುತ್ತದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಗುಳಿಗೆ ಊಟದ ಜೊತೆಗೇ

ಅಪ್ಪನ ಫಾಸ್ಫರಸ್ ತಿಂಗಳುಗಟ್ಟಲೆ 7ರ ಮೇಲೇ ಇತ್ತು. ಗುಳಿಗೆ ಬರೆದುಕೊಟ್ಟಿದ್ದರು, ಅಪ್ಪ ತಪ್ಪದೆ ನುಂಗುತ್ತಿದ್ದರು. ಆದರೂ ಇಳಿಯುತ್ತಿರಲಿಲ್ಲ. ಒಂದು ದಿನ ಡಯಾಲಿಸಿಸ್ ಹಚ್ಚುವಾಗ ಅಲ್ಲಿನ ಹುಡುಗ ಮಾತಿಗೆ ಕೇಳಿದ:

"ಕಾಕಾ, ಆ ದೊಡ್ಡ ಗುಳಿಗಿ ಯಾವಾಗ ತಗೋತೀರಿ?"

"ಊಟ ಆಗಿ, ಒಂದು ನಿದ್ದಿ ತಗದು, ಚಾ ಕುಡಿಯೋ ಮುಂದ."

"ಅಯ್ಯ ಕಾಕಾ! ಅದು ಊಟದ ಗುಳಿಗಿರಿ. ಊಟ ಇಲ್ಲಂದ್ರ ಅದಕ್ಕ ಕೆಲಸನ ಇಲ್ಲ."

ಚೀಟಿಯಲ್ಲಿ ಒಂದು-ಒಂದು-ಒಂದು ಅಂತ ಮಾತ್ರ ಇತ್ತು. ಯಾವಾಗ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಎಂಟು ತಿಂಗಳ ಗುಳಿಗೆ, ಅಷ್ಟು ದುಡ್ಡು, ಹೆಚ್ಚುಕಡಿಮೆ ನೀರಿಗೆ ಹಾಕಿದ ಹಾಗಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಗುಳಿಗೆಗಳಿಗೆ ಫಾಸ್ಫೇಟ್ ಬೈಂಡರ್ ಎನ್ನುತ್ತಾರೆ. ರಕ್ತಕ್ಕೆ ಹೋಗಿ ಏನೋ ಮಾಡುವ ಔಷಧವಲ್ಲ ಇದು. ಕರುಳಿನಲ್ಲಿ ಅನ್ನ, ರೊಟ್ಟಿ, ಮೊಸರಿನಿಂದ ಬಿಡುಗಡೆಯಾಗುವ ರಂಜಕವನ್ನು ಅಲ್ಲೇ ಹಿಡಿದುಕೊಂಡು ಮಲದ ಜೊತೆ ಹೊರಗೆ ಹೋಗುತ್ತದೆ. ಊಟ ಒಳಗೆ ಹೋದ ಎರಡು ಗಂಟೆಯ ಮೇಲೆ ನುಂಗಿದರೆ ಹಿಡಿಯುವುದೇನನ್ನು?

ಲೆಕ್ಕ ಹಾಕಿ ನೋಡಿ. ದಿನದ ಊಟದಲ್ಲಿ 900 ಮಿಲಿಗ್ರಾಂ ರಂಜಕ ಇದೆ, ಅದರಲ್ಲಿ ನೂರಕ್ಕೆ 60 ಪಾಲು ಮೈಗೆ ಸೇರುತ್ತದೆ ಅಂತಿಟ್ಟುಕೊಳ್ಳಿ. ವಾರಕ್ಕೆ ಸುಮಾರು 3,800. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಸರಿಸುಮಾರು 800ರಿಂದ 1,000. ವಾರಕ್ಕೆ ಮೂರು ಸಲ ಮಾಡಿಸಿದರೂ ಸಾವಿರದಷ್ಟು ಒಳಗೇ ಉಳಿಯುತ್ತದೆ. ನಮ್ಮ ಕಡೆ ದುಡ್ಡಿಗೋ ದೂರಕ್ಕೋ ವಾರಕ್ಕೆ ಎರಡೇ ಸಲ ಮಾಡಿಸುವವರೂ ಇದ್ದಾರೆ. ಅವರಲ್ಲಿ ಉಳಿಯುವುದು ಎರಡು ಸಾವಿರ. ಆ ಉಳಿದದ್ದಕ್ಕೆ ಇರುವುದೇ ಈ ಗುಳಿಗೆ.

ನಾವು ಮಾಡಿಕೊಂಡ ವ್ಯವಸ್ಥೆ ಇಷ್ಟು. ಗುಳಿಗೆಯ ಡಬ್ಬಿಯನ್ನು ಕಪಾಟಿನಿಂದ ತೆಗೆದು ರೊಟ್ಟಿ ಬುಟ್ಟಿಯಲ್ಲಿ ಇಟ್ಟೆವು. ಅವ್ವ ರೊಟ್ಟಿ ತೆಗೆಯಲು ಕೈ ಹಾಕಿದರೆ ಮೊದಲು ಡಬ್ಬಿಯೇ ತಾಗುತ್ತದೆ. ಎರಡು ತುತ್ತು ಉಂಡು ಗುಳಿಗೆ, ಆಮೇಲೆ ಉಳಿದ ಊಟ. ಮದುವೆಗೆ, ಜಾತ್ರೆಗೆ ಹೋಗುವಾಗ ಅಪ್ಪನ ಅಂಗಿ ಕಿಸೆಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಗುಳಿಗೆ ಅದೇ, ಪ್ರಮಾಣ ಅದೇ. ಮೂರು ತಿಂಗಳಿಗೆ ಫಾಸ್ಫರಸ್ 7.4ರಿಂದ 5.3ಕ್ಕೆ ಬಂತು.

ಇಲ್ಲಿ ಇನ್ನು ಕೆಲವು ಸೂಕ್ಷ್ಮಗಳಿವೆ. ಸೆವೆಲಮರ್ ಗುಳಿಗೆಯನ್ನು ಇಡಿಯಾಗಿ ನುಂಗಬೇಕು. ಅದು ನೀರು ತಾಗಿದರೆ ಉಬ್ಬುತ್ತದೆ, ಪುಡಿ ಮಾಡಬಾರದು. ಲ್ಯಾಂಥನಮ್ ಆದರೆ ಚೆನ್ನಾಗಿ ಅಗಿಯಬೇಕು. ಕ್ಯಾಲ್ಸಿಯಂ ಅಸಿಟೇಟ್, ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಬೈಂಡರ್‌ಗಳೇ, ಅಗ್ಗವೂ ಹೌದು. ಆದರೆ ಅವುಗಳಲ್ಲಿನ ಕ್ಯಾಲ್ಸಿಯಂ ಸ್ವಲ್ಪ ಮೈಗೂ ಸೇರುತ್ತದೆ. ಹಾಗಾಗಿ ಅವುಗಳ ಪ್ರಮಾಣಕ್ಕೆ ಮಿತಿ ಹಾಕಬೇಕು ಎಂಬುದು ಮಾರ್ಗಸೂಚಿಯ ಸಲಹೆ. 2002ರ ಒಂದು ಅಧ್ಯಯನದಲ್ಲಿ ಕ್ಯಾಲ್ಸಿಯಂ ಬೈಂಡರ್ ತೆಗೆದುಕೊಂಡವರ ರಕ್ತನಾಳದಲ್ಲಿ ಸುಣ್ಣ ಬೆಳೆದಿತ್ತು, ಸೆವೆಲಮರ್ ತೆಗೆದುಕೊಂಡವರಲ್ಲಿ ಅಷ್ಟು ಬೆಳೆದಿರಲಿಲ್ಲ. ನಾಳದಲ್ಲಿ ಸುಣ್ಣ ಕಂಡವರು ಈ ವಿಷಯವನ್ನು ಡಾಕ್ಟರ ಹತ್ತಿರ ಎತ್ತಲೇಬೇಕು.

ಥೈರಾಯ್ಡ್ ಗುಳಿಗೆ ಇದ್ದರೆ ಬೈಂಡರ್‌ಗೂ ಅದಕ್ಕೂ ಕನಿಷ್ಠ 4 ಗಂಟೆ ಅಂತರ ಇಡಿ. ಕಬ್ಬಿಣದ ಗುಳಿಗೆ, ಕೆಲವು ಆಂಟಿಬಯೋಟಿಕ್‌ಗಳಿಗೂ ಅಂತರ ಬೇಕು, ಕೇಳಿಕೊಳ್ಳಿ. ಸೆವೆಲಮರ್‌ನಿಂದ ಹೊಟ್ಟೆ ಕಟ್ಟುವುದು ಸಾಮಾನ್ಯ. ಅದಕ್ಕೇ ಬೇಸತ್ತು ಎಷ್ಟೋ ಜನ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಹೇಳಿ. ಅದಕ್ಕೆ ಔಷಧ ಇದೆ. ದುಬಾರಿ ಅನಿಸಿದರೆ ಚೀಟಿ ಹಿಡಿದು ಜನೌಷಧಿ ಅಂಗಡಿಯಲ್ಲಿ ಔಷಧದ ಮೂಲ ಹೆಸರು ಹೇಳಿ ಕೇಳಿ. ಬೆಲೆಯಲ್ಲಿ ಬಹಳ ಫರಕು ಇರುತ್ತದೆ.

ನಾಲ್ಕನೆಯದು: ತಟ್ಟೆ

ಜೋಳದ ರೊಟ್ಟಿ ಬಿಡಬೇಕಾ? ನಮ್ಮ ವಾರ್ಡಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಜೋಳ, ಬೇಳೆ, ಶೇಂಗಾ, ಹೆಸರುಕಾಳಿನಲ್ಲಿ ರಂಜಕ ಇದೆ, ನಿಜ. ಆದರೆ ಅದರ ಬಹುಪಾಲು ಕಾಳಿನೊಳಗೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ನಮ್ಮ ಕರುಳಿಗೆ ಅದನ್ನು ಪೂರ್ತಿ ಬಿಡಿಸಲು ಬರುವುದಿಲ್ಲ, ಅರ್ಧದಷ್ಟು ಹಾಗೇ ಹೊರಗೆ ಹೋಗುತ್ತದೆ. ಹಾಲು, ಮಾಂಸದ ರಂಜಕ ಅದಕ್ಕಿಂತ ಜಾಸ್ತಿ ಸೇರುತ್ತದೆ. ಪ್ಯಾಕೆಟ್ ತಿಂಡಿಗೆ ಕಾರ್ಖಾನೆಯಲ್ಲಿ ಸೇರಿಸುವ ರಂಜಕ ಹೆಚ್ಚುಕಡಿಮೆ ಪೂರ್ತಿ, ನೂರಕ್ಕೆ 90ರ ಮೇಲೆ, ಮೈಗೆ ಸೇರುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಮೊದಲು ಪ್ಯಾಕೆಟ್ ಬಿಡಿ, ಆಮೇಲೆ ಹಾಲಿನದು ಕಡಿಮೆ ಮಾಡಿ. ರೊಟ್ಟಿಯ ಮಾತು ಕಡೆಗೆ.

ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಐಎನ್‌ಎಸ್ ಎಂದು ಬರೆದು ಅಂಕಿ ಕೊಟ್ಟಿರುತ್ತಾರೆ. 338, 339, 340, 341, 343, 450, 451, 452 ಕಂಡರೆ ಅದು ರಂಜಕ ಸೇರಿಸಿದ ಪದಾರ್ಥ, ಅಂಗಡಿಯಲ್ಲೇ ವಾಪಸ್ ಇಡಿ. 500, 503 ಕಂಡರೆ ಅವು ರಂಜಕದವಲ್ಲ. ಕಪ್ಪು ಕೋಲಾದಲ್ಲಿ 338 ಇರುತ್ತದೆ. ಪ್ಯಾಕೆಟ್ ಚೀಸ್, ದಿಢೀರ್ ನೂಡಲ್ಸ್, ಕೇಕ್, ಡಬ್ಬಿ ಮಾಂಸ, ಇವುಗಳ ಹಿಂದೆ ಈ ಅಂಕಿ ಹುಡುಕಿ. ಗೋಲಿ ಸೋಡಾದ ತೊಂದರೆ ಬೇರೆ, ಅದು ನೀರಿನ ಲೆಕ್ಕಕ್ಕೆ ಬರುತ್ತದೆ.

ಹಾಲಿನ ವಿಷಯ ಕಷ್ಟದ್ದು. ಒಂದು ಲೋಟ ಆಕಳ ಹಾಲಿನಲ್ಲಿ ಸುಮಾರು 180 ಮಿಲಿಗ್ರಾಂ ರಂಜಕ ಇದೆ. ಎಮ್ಮೆ ಹಾಲಿನಲ್ಲಿ ಇನ್ನೂ ಜಾಸ್ತಿ. ಪೇಡಾ ಎಂದರೆ ಆ ಹಾಲನ್ನೇ ಕುದಿಸಿ ಕುದಿಸಿ ಖೋವಾ ಮಾಡಿದ್ದು. ಧಾರವಾಡದಲ್ಲಿದ್ದು ಪೇಡಾ ಬೇಡ ಅನ್ನುವುದು ಸುಲಭವಲ್ಲ. ಅಪ್ಪ ಈಗ ಹಬ್ಬಕ್ಕೆ ಒಂದು ತಿನ್ನುತ್ತಾರೆ, ಅದೂ ಊಟದ ಜೊತೆ, ಗುಳಿಗೆ ಇರುವ ಹೊತ್ತಿಗೆ. ಸಂಜೆ ಬರೀ ಬಾಯಿಗೆ ತಿನ್ನುವುದಿಲ್ಲ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ ಬರುತ್ತವಲ್ಲ, ಅವುಗಳಿಗೂ ಇದೇ ಕ್ರಮ. ದೊಡ್ಡ ಊಟಕ್ಕೆ ಎಷ್ಟು ಗುಳಿಗೆ, ಸಣ್ಣ ನಾಷ್ಟಾಕ್ಕೆ ಎಷ್ಟು ಎಂದು ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ.

ರಂಜಕಕ್ಕೆ ಹೆದರಿ ಊಟವನ್ನೇ ಕಡಿಮೆ ಮಾಡುವುದು ಇನ್ನೊಂದು ತಪ್ಪು. ಡಯಾಲಿಸಿಸ್‌ನವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 55 ಕಿಲೋದವರಿಗೆ 55ರಿಂದ 66 ಗ್ರಾಂ. ತತ್ತಿ ತಿನ್ನುವವರಾದರೆ ಬಿಳಿ ಭಾಗ ಬಹಳ ಒಳ್ಳೆಯದು. ರಂಜಕ ಇರುವುದು ಹೆಚ್ಚಾಗಿ ಹಳದಿಯಲ್ಲಿ. ತರಕಾರಿ, ಮಾಂಸ ಹೆಚ್ಚಿ ಕುದಿಸಿ ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಜೊತೆ ರಂಜಕವೂ ಸ್ವಲ್ಪ ಹೋಗುತ್ತದೆ.

ಐದನೆಯದು: ಗೊತ್ತಿಲ್ಲದೆ ಒಳಗೆ ಹೋಗುವ ಕ್ಯಾಲ್ಸಿಯಂ

ಮೊಣಕಾಲು ನೋವು ಅಂತ ಅಂಗಡಿಯಲ್ಲಿ ಕ್ಯಾಲ್ಸಿಯಂ ಗುಳಿಗೆ ಕೊಳ್ಳುವುದು, ವಿಟಮಿನ್ ಡಿ ಇಂಜೆಕ್ಷನ್ ಹಾಕಿಸಿಕೊಳ್ಳುವುದು ನಮ್ಮ ಊರುಗಳಲ್ಲಿ ಮಾಮೂಲು. ಡಯಾಲಿಸಿಸ್‌ನವರು ಕಿಡ್ನಿ ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು. ವಿಟಮಿನ್ ಡಿ ಜಾಸ್ತಿಯಾದರೆ ಕರುಳು ಕ್ಯಾಲ್ಸಿಯಂ, ರಂಜಕ ಎರಡನ್ನೂ ಹೆಚ್ಚು ಹೀರುತ್ತದೆ. ಎದೆಯುರಿಗೆ ನುಂಗುವ ಕೆಲವು ಗುಳಿಗೆಗಳೂ ಕ್ಯಾಲ್ಸಿಯಮ್ಮಿನವೇ.

ಎಲೆ ಅಡಿಕೆಯ ಸುಣ್ಣವೂ ಕ್ಯಾಲ್ಸಿಯಮ್ಮೇ. ನಾಳದಲ್ಲಿ ಕಟ್ಟುವ ಸುಣ್ಣ ಇದರಿಂದಲೇ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ದಿನಕ್ಕೆ ಹತ್ತು ಸಲ ಎಲೆ ಹಾಕುವವರಿದ್ದರೆ ಆ ಲೆಕ್ಕವೂ ಡಾಕ್ಟರಿಗೆ ಗೊತ್ತಿರಬೇಕು. ತಂಬಾಕು, ಬೀಡಿ ಇದ್ದರೆ ಅದನ್ನು ಬಿಡುವುದಕ್ಕೆ ಬೇರೆ ಕಾರಣವೇ ಬೇಡ.

ಡಯಾಲಿಸಿಸ್ ದ್ರವದಲ್ಲೂ ಕ್ಯಾಲ್ಸಿಯಂ ಇರುತ್ತದೆ. ಲೀಟರ್‌ಗೆ 1.25ರಿಂದ 1.5 ಮಿಲಿಮೋಲ್ ಇರಲಿ ಎನ್ನುತ್ತದೆ ಮಾರ್ಗಸೂಚಿ. ನಿಮ್ಮ ಸೆಂಟರಿನಲ್ಲಿ ಎಷ್ಟಿದೆ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಬದಲಿಸುವ ತೀರ್ಮಾನ ಮಾತ್ರ ಅವರದೇ, ತೀರಾ ಕಡಿಮೆಯಾದರೂ ಹೃದಯಕ್ಕೆ ಅಪಾಯ.

ಆರನೆಯದು: ನಾಲ್ಕು ಗಂಟೆ ಎಂದರೆ ನಾಲ್ಕು ಗಂಟೆ

ರಂಜಕ ಬಹಳ ನಿಧಾನ. ರಕ್ತದಲ್ಲಿರುವುದು ಬೇಗ ಹೋಗುತ್ತದೆ. ಆದರೆ ಕಣಗಳಲ್ಲಿ, ಎಲುಬಿನಲ್ಲಿ ಕೂತದ್ದು ಒಂದೊಂದಾಗಿ ರಕ್ತಕ್ಕೆ ಇಳಿದು ಆಮೇಲೆ ಹೊರಗೆ ಹೋಗಬೇಕು. ಅದಕ್ಕೇ ಇಲ್ಲಿ ವೇಗಕ್ಕಿಂತ ಹೊತ್ತು ಮುಖ್ಯ. "ಗದಗಿನ ಬಸ್ ತಪ್ಪುತ್ತದೆ, ಅರ್ಧ ಗಂಟೆ ಮೊದಲು ತೆಗೆಯಿರಿ" ಎಂದು ಕೇಳುವವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಬೇಡ. ಸಾಧ್ಯವಾದರೆ ನಿಮ್ಮ ಊರಿಗೆ ಹತ್ತಿರದ ಸೆಂಟರಿಗೆ ಬದಲಾಯಿಸಿಕೊಳ್ಳಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಕಾರ್ಯಕ್ರಮ 2016ರಿಂದ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳು ಬಂದಿವೆ. ಬಿಪಿಎಲ್ ಕಾರ್ಡ್ ಹಿಡಿದು ಹೋಗಿ ವಿಚಾರಿಸಿ.

ಏಳನೆಯದು: ಪರೀಕ್ಷೆ, ಮತ್ತು ತಡ ಮಾಡಬಾರದ ಲಕ್ಷಣಗಳು

ಸುಣ್ಣ ಕಟ್ಟಿದೆಯಾ ಎಂದು ನೋಡಲು ದುಬಾರಿ ಸ್ಕ್ಯಾನೇ ಆಗಬೇಕು ಅಂತಿಲ್ಲ. ಹೊಟ್ಟೆಯ ಎಕ್ಸ್‌ರೇಯನ್ನು ಪಕ್ಕದಿಂದ ತೆಗೆದರೆ ದೊಡ್ಡ ರಕ್ತನಾಳದ ಸುಣ್ಣ ಕಾಣುತ್ತದೆ. ಕವಾಟದ್ದು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಕಾಣುತ್ತದೆ. ಬೇರೆ ಯಾವುದಕ್ಕೋ ತೆಗೆಸಿದ ಹಳೆಯ ಎಕ್ಸ್‌ರೇ ಮನೆಯಲ್ಲಿದ್ದರೆ ಅದನ್ನೂ ಒಯ್ದು ತೋರಿಸಿ. ಮೇಲಿನ ಬಿಪಿ 180, ಕೆಳಗಿನದು 70, ಹೀಗೆ ಎರಡರ ನಡುವೆ ಅಂತರ ಬಹಳ ಇದ್ದರೆ ನಾಳ ಬಿಗಿಯಾಗಿರುವ ಸೂಚನೆ ಇರಬಹುದು. ಅದನ್ನೂ ಹೇಳಿ.

ನಡೆದರೆ ಎದೆ ಹಿಡಿಯುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು, ಡಯಾಲಿಸಿಸ್ ನಡುವೆ ಪದೇ ಪದೇ ಬಿಪಿ ಇಳಿಯುವುದು, ಕಾಲ್ಬೆರಳಿನ ಗಾಯ ಮಾಯದಿರುವುದು, ಇವನ್ನು ಮುಂದಿನ ಸರದಿಯವರೆಗೆ ಇಟ್ಟುಕೊಳ್ಳಬೇಡಿ. ಎದೆನೋವು ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಅಪರೂಪದ್ದು, ಆದರೆ ಭಯಂಕರವಾದದ್ದು. ತೊಡೆ, ಹೊಟ್ಟೆಯ ಚರ್ಮದ ಮೇಲೆ ನೇರಳೆ ಬಣ್ಣದ ಬಲೆಯಂಥ ಕಲೆ, ಒಳಗೆ ಗಟ್ಟಿ ಗಂಟು, ಬಟ್ಟೆ ತಾಗಿದರೂ ಸಹಿಸಲಾಗದ ನೋವು. ಚರ್ಮದ ಸಣ್ಣ ನಾಳಗಳಿಗೆ ಸುಣ್ಣ ಕಟ್ಟಿ ರಕ್ತ ನಿಂತಾಗ ಹೀಗಾಗುತ್ತದೆ. ಮುಲಾಮು ಹಚ್ಚಿ ಕಾಯದೆ ಅದೇ ದಿನ ಕಿಡ್ನಿ ಡಾಕ್ಟರಿಗೆ ತೋರಿಸಿ. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಇದರ ಅಪಾಯ ಜಾಸ್ತಿ. ಹಾಗಂತ ನೀವೇ ಅದನ್ನು ನಿಲ್ಲಿಸಬೇಡಿ. ಬದಲಿ ಇದೆಯಾ ಎಂದು ಕೇಳಿ.

ಮುಂದಿನ ಸಲ ಡಾಕ್ಟರನ್ನು ಕಾಣುವಾಗ ನಾನು ಹಾಳೆಯ ಹಿಂದೆ ಬರೆದುಕೊಂಡಿರುವ ಪ್ರಶ್ನೆಗಳು ಇವು, ನಿಮಗೆ ಬೇಕಾದವನ್ನು ನಕಲು ಮಾಡಿಕೊಳ್ಳಿ. ಅಪ್ಪನ ಬೈಂಡರ್‌ನಲ್ಲಿ ಕ್ಯಾಲ್ಸಿಯಂ ಇದೆಯಾ? ವಿಟಮಿನ್ ಡಿ ಇನ್ನೂ ಬೇಕಾ? ಪಿಟಿಎಚ್ ಕೊನೆಗೆ ನೋಡಿದ್ದು ಯಾವಾಗ? ಎಕೋ ಮಾಡಿಸಿ ವರ್ಷ ಆಯಿತು, ಮತ್ತೆ ಯಾವಾಗ? ಅಕ್ಕನ ಮಗನ ಮದುವೆ ಇದೆ, ಅವತ್ತಿನ ಊಟಕ್ಕೆ ಎಷ್ಟು ಗುಳಿಗೆ?